ಸಾಣೆಗೆ ಕೊಡುವ ಮುನ್ನ ಬ್ಲೇಡು ತೊಳೆಯಿರಿ

ಮಾನ್ಯ ಸಂಪಾದಕರೇ,

ವಿದ್ಯುತ್ ಗರಗಸದ ದುಂಡು ಬ್ಲೇಡಿನಲ್ಲಿ ಮರ ಕೊಯ್ಯುವಾಗ ಹೊಗೆಯೆದ್ದು ಮರದ ಅಂಚು ಕಪ್ಪಾದರೆ ‘ಬ್ಲೇಡು ಮೊಂಡಾಯಿತು’ ಎಂದು ಸಾಣೆಗೆ ಕಳಿಸುವುದು ನಮ್ಮ ಬಡಗಿ ಶೆಡ್ಡುಗಳ ರೂಢಿ. ಎಷ್ಟೋ ಸಲ ಅದು ಮೊಂಡಾಗಿರುವುದಿಲ್ಲ, ಜಿಡ್ಡು ಕಟ್ಟಿರುತ್ತದೆ ಅಷ್ಟೆ. ಸಾಣೆ ಹಿಡಿದಷ್ಟೂ ಬ್ಲೇಡಿನ ಅಂಚಿಗೆ ಬೆಸೆದ ಗಟ್ಟಿ ಕಾರ್ಬೈಡ್ ಹಲ್ಲು ಸವೆಯುತ್ತದೆ. ತೊಳೆಯುವುದಕ್ಕೆ ಬೇಕಾದದ್ದು ಒಂದಿಷ್ಟು ವಾಷಿಂಗ್ ಸೋಡಾ.

ಹತ್ತಿಂಚಿನ ಬ್ಲೇಡಿನಲ್ಲಿ ಹಲ್ಲಿನ ಅಗಲ 3.2 ಮಿ.ಮೀ. ಇದ್ದರೆ ತಟ್ಟೆಯ ದಪ್ಪ 2.2ರಷ್ಟಿರುತ್ತದೆ. ಒಂದೊಂದು ಬದಿಗೆ ಉಳಿಯುವ ಸಂದು ಬರೀ ಅರ್ಧ ಮಿ.ಮೀ. ಹಲಸಿನ ಮೇಣ, ಹೊನ್ನೆಯ ಕೆಂಪಂಟು, ಪ್ಲೈವುಡ್ಡಿನ ಗೋಂದು ಅಲ್ಲಿ ಕೂತು, ಕಾವಿಗೆ ಬೆಂದು ಕಲ್ಲಾಗುತ್ತವೆ. ಆಮೇಲೆ ಬ್ಲೇಡು ಮರವನ್ನು ಕೊಯ್ಯುವುದಕ್ಕಿಂತ ಉಜ್ಜುವುದೇ ಹೆಚ್ಚು. ಅಂಚು ಕಾದು ಹಿಗ್ಗಿ ಬ್ಲೇಡು ಓಲಾಡುತ್ತದೆ. ಕೆಲಸಗಾರ ಇನ್ನಷ್ಟು ಒತ್ತಿ ದೂಡುತ್ತಾನೆ. ಮರ ಹಿಂದಕ್ಕೆ ಚಿಮ್ಮಿ ಹೊಟ್ಟೆಗೆ ಬಡಿಯುವ ಅಪಾಯ ಹೆಚ್ಚುವುದು ಆಗಲೇ.

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಬ್ಲೇಡು ಬಿಚ್ಚಬೇಕು. ಟೇಬಲ್ ಗರಗಸದಲ್ಲಿ ಸಾಮಾನ್ಯವಾಗಿ ಬ್ಲೇಡು ತಿರುಗುವ ದಿಕ್ಕಿಗೇ ಪಾನಾ ತಿರುಗಿಸಿದರೆ ನಟ್ಟು ಸಡಿಲವಾಗುತ್ತದೆ. ಉಲ್ಟಾ ತಿರುಗಿಸಿ ಒದ್ದಾಡುವವರೇ ಜಾಸ್ತಿ. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಲೀಟರ್ ಬಿಸಿನೀರಿಗೆ ಮೂರು ಚಮಚ ವಾಷಿಂಗ್ ಸೋಡಾ ಕರಗಿಸಿ, ಬ್ಲೇಡನ್ನು 10–15 ನಿಮಿಷ ನೆನೆಸಿದರೆ ಅಂಟು ಮೆತ್ತಗಾಗುತ್ತದೆ. ಬಣ್ಣದ ಲೇಪನವಿರುವ ಬ್ಲೇಡಿಗೆ ಪಾತ್ರೆ ತೊಳೆಯುವ ಸೋಪಿನ ನೀರೇ ಸಾಕು. ರಬ್ಬರ್ ಕೈಗವಸು ಹಾಕಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಹಿತ್ತಾಳೆ ಬ್ರಷ್ಷಿನಿಂದಲೋ, ಹಲ್ಲಿನ ಬುಡದಿಂದ ತುದಿಯ ಕಡೆಗೆ ಉಜ್ಜಿ. ಉಕ್ಕಿನ ಬ್ರಷ್ಷು, ಚಾಣ ಬೇಡ. ಕಾರ್ಬೈಡ್ ಗಟ್ಟಿಯಾದರೂ ಪೆಡಸು, ಸಿಮೆಂಟು ನೆಲಕ್ಕೆ ತಾಗಿದರೂ ಚಕ್ಕೆ ಏಳುತ್ತದೆ.

ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಬ್ಲೇಡು ಫಳಫಳ ಹೊಳೆಯುವುದೇನೋ ನಿಜ. ಆದರೆ ಕಾರ್ಬೈಡ್ ಕಣಗಳನ್ನು ಹಿಡಿದಿಟ್ಟಿರುವ ಕೋಬಾಲ್ಟ್ ಲೋಹಕ್ಕೂ ಹಲ್ಲಿನ ಬೆಸುಗೆಗೂ ಅದರಿಂದ ಪೆಟ್ಟು ಬೀಳಬಹುದು, ಲೇಪನವೂ ಕಿತ್ತುಬರುತ್ತದೆ. ಸೀಮೆಎಣ್ಣೆಗೂ ಅಂಟು ಬಿಡುತ್ತದೆ, ಆದರೆ ಮರದ ಪುಡಿ ತುಂಬಿದ ಶೆಡ್ಡಿನಲ್ಲಿ ಬೆಂಕಿಯ ಭಯ.

ತೊಳೆದ ಕೂಡಲೇ ಒರೆಸಿ ಬಿಸಿಲಿಗಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಕಾಣಿಸುತ್ತದೆ, ಹಾಗಾಗಿ ಎರಡು ಹನಿ ಮೆಷಿನ್ ಎಣ್ಣೆ ಸವರಿಡಿ. ಮತ್ತೆ ಜೋಡಿಸುವಾಗ ಅದನ್ನು ಒರೆಸಿ, ಮೊದಲ ಕೊಯ್ತ ರದ್ದಿ ಮರದ ಮೇಲಿರಲಿ. ಇಲ್ಲದಿದ್ದರೆ ಎಣ್ಣೆಯ ಕಲೆಯ ಮೇಲೆ ಪಾಲಿಶ್ ಹಿಡಿಯದು. ಬ್ಲೇಡನ್ನು ಎರಡೂ ಬದಿಯಿಂದ ಬಿಗಿಹಿಡಿಯುವ ಬಿಲ್ಲೆಗಳಾದ ಫ್ಲೇಂಜ್‌ಗಳನ್ನೂ ಒರೆಸಬೇಕು. ಅಲ್ಲಿ ಒಂದು ಚೂರು ಪುಡಿ ಸಿಕ್ಕಿಕೊಂಡರೂ ಬ್ಲೇಡು ಓಲಾಡುತ್ತದೆ.

ಸಾಣೆ ಬೇಕೋ ಬೇಡವೋ ಎಂಬುದು ತೊಳೆದ ಮೇಲೇ ಗೊತ್ತಾಗುವುದು. ಹಲ್ಲಿನ ಅಂಚನ್ನು ಬೆಳಕಿಗೆ ಹಿಡಿದಾಗ ಬಿಳಿ ಗೆರೆ ಮಿನುಗಿದರೆ ಮೊಂಡಾಗಿದೆ ಎಂದರ್ಥ. ಹರಿತ ಅಂಚಿಗೆ ಹೊಳಪಿರುವುದಿಲ್ಲ. ಹಲ್ಲುಗಳ ನಡುವಿನ ಸಂದಿನಲ್ಲಿ ಬಿರುಕು ಕಂಡರೆ ಆ ಬ್ಲೇಡು ಗುಜರಿಗೆ, ಸಾಣೆಗಲ್ಲ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ 15,000 ರೂಪಾಯಿವರೆಗಿನ ಉಪಕರಣ ನೆರವೂ 5ರಿಂದ 7 ದಿನಗಳ ಮೂಲ ತರಬೇತಿಯೂ ಇದೆ. ಆ ತರಬೇತಿ ನಡೆಸುವವರು ಒಂದು ಕೊಳಕು ಬ್ಲೇಡು, ಒಂದು ಟಬ್ಬು ಮುಂದಿಟ್ಟುಕೊಂಡು ಅರ್ಧ ಗಂಟೆ ಇದನ್ನೂ ಮಾಡಿ ತೋರಿಸಲಿ.

ಇಂತಿ,
ಮರಗೆಲಸಗಾರರು, ಶಿರಸಿ