ಆಡು ಕರೆದ ಹುಡುಗ

ಪ್ರೀತಿಯ ಗೆಳೆಯಾ,

‘ಮಗಳಿಗೆ ಹದಿಮೂರು ತುಂಬ್ತು, ಮಾಯ ಮಂತ್ರದ ಕತೆ ಅಂದ್ರೆ ಪ್ರಾಣ ಬಿಡ್ತಾಳೆ, ಯಾವ್ದು ಕೊಡಿಸ್ಲಿ?’ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. ನಾನು ಏನೋ ಹೇಳಿ ತೇಲಿಸಿಬಿಟ್ಟೆ. ಈಗ ಸರಿಯಾಗಿ ಬರೆಯುತ್ತಿದ್ದೇನೆ.

ಉರ್ಸುಲಾ ಲೆ ಗ್ವಿನ್ ಬರೆದ ಅರ್ತ್‌ಸೀ ಸರಣಿ ಕೊಡಿಸು. ಮೊದಲ ಪುಸ್ತಕ ಬಂದಿದ್ದು 1968ರಲ್ಲಿ. ಕತೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರೇ. ಅವರು ಹುಡುಗರಾಗಿದ್ದಾಗ ಹೇಗಿದ್ದರು, ವಿದ್ಯೆ ಎಲ್ಲಿ ಕಲಿತರು ಎಂಬ ಯೋಚನೆಯಿಂದ ಹುಟ್ಟಿದ ಕತೆಯಂತೆ ಅದು.

ಡ್ಯೂನಿ ಅಂತ ಒಬ್ಬ ಹುಡುಗ. ತಾಯಿಯಿಲ್ಲ, ಅಪ್ಪ ಕಂಚುಗಾರ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುತ್ತಾನೆ. ಅಮ್ಮನ ಒಡಹುಟ್ಟಿದವಳು ಊರ ಮಾಟಗಾತಿ. ಅವಳು ಹೇಳಿದ ಮಾತು ಕೇಳಿಸಿಕೊಂಡು, ಅರ್ಥ ಗೊತ್ತಿಲ್ಲದೆ ಮರುದಿನ ಗುಡ್ಡದಲ್ಲಿ ಕೂಗುತ್ತಾನೆ. ಆಡುಗಳೆಲ್ಲ ಬರುತ್ತವೆ. ಒಂದೂ ಸದ್ದು ಮಾಡುವುದಿಲ್ಲ, ಹಳದಿ ಕಣ್ಣುಗಳಿಂದ ಸುಮ್ಮನೆ ನೋಡುತ್ತವೆ. ಹುಡುಗನಿಗೆ ಖುಷಿಯಾಗಿ ಮತ್ತೆ ಕೂಗುತ್ತಾನೆ. ಅವು ಇನ್ನೂ ಹತ್ತಿರ ಬಂದು ಮೈಗೆ ಮೈ ಒತ್ತಿ ನಿಲ್ಲುತ್ತವೆ. ಈಗ ಹೆದರಿಕೆ. ಓಡಿದರೆ ಅವೂ ಸುತ್ತುಗಟ್ಟಿಕೊಂಡೇ ಓಡುತ್ತವೆ. ಕೊಂಬುಗಳ ನಡುವೆ ಸಿಕ್ಕಿಕೊಂಡು ಬಾಯಿ ಬಡಿದುಕೊಳ್ಳುತ್ತ ಊರೊಳಗೆ ಬಂದು ಬೀಳುತ್ತಾನೆ. ಕರೆಯುವುದು ಬಂತು, ಬಿಡಿಸಿಕೊಳ್ಳುವುದು ಬರಲಿಲ್ಲ. ಮುಂದಿನ ಕತೆಯೆಲ್ಲ ಇದರಲ್ಲೇ ಇದೆ ನೋಡು.

ಹದಿಮೂರಕ್ಕೆ ಗುರು ಓಗಿಯನ್ ಅವನನ್ನು ಕೊರೆಯುವ ಹೊಳೆ ದಾಟಿಸಿ ನಿಜವಾದ ಹೆಸರನ್ನು ಪಿಸುಗುಡುತ್ತಾನೆ: ಗೆಡ್. ಆ ಲೋಕದಲ್ಲಿ ನಿಜದ ಹೆಸರು ಯಾರಿಗೂ ಹೇಳುವ ಹಾಗಿಲ್ಲ. ಗೊತ್ತಾದರೆ ಜೀವವೇ ಅವರ ಕೈಯಲ್ಲಿ. ಆಮೇಲೆ ರೋಕ್ ದ್ವೀಪದ ಪಾಠಶಾಲೆ. ಜಾಸ್ಪರ್ ಎಂಬ ದೊಡ್ಡಮನೆಯ ಹುಡುಗ ಕೆಣಕುತ್ತಾನೆ, ಇವನು ಸತ್ತವಳನ್ನೇ ಕರೆದು ತೋರಿಸಲು ಹೊರಡುತ್ತಾನೆ. ಲೋಕವೇ ಬಿರಿದು, ಜೊತೆಯಲ್ಲಿ ಒಂದು ಕರಿನೆರಳೂ ಹೊರಬರುತ್ತದೆ. ಇವನ ಮುಖ ಹರಿಯುತ್ತದೆ, ಲೋಕದ ಆ ಬಿರುಕು ಮುಚ್ಚಲು ಹೋದ ಹಿರಿಯ ಗುರು ಪ್ರಾಣ ಬಿಡುತ್ತಾನೆ. ಎಲ್ಲ ಒಂದು ಜಂಬದ ಮಾತಿಗೆ. ಆ ನೆರಳಿಗೆ ಹೆಸರಿಲ್ಲ. ಮೊದಲು ಓಡುತ್ತಾನೆ, ಆಮೇಲೆ ತಾನೇ ಅಟ್ಟಿಸಿಕೊಂಡು ಹೋಗುತ್ತಾನೆ. ಕಡಲಿನ ಕೊನೆಯಲ್ಲಿ ಎದುರುಬದುರು ನಿಂತಾಗ (ಮಗಳಿಗೆ ಇದನ್ನು ಹೇಳಬೇಡ) ಅದನ್ನು ಕರೆಯುವುದು ತನ್ನದೇ ಹೆಸರಿನಿಂದ. ಯುದ್ಧವಿಲ್ಲ, ಗೆಲುವಿಲ್ಲ.

ಕಡಲಿನ ಕೊನೆಗೆ ಹೋದ ಆ ದೋಣಿಯಲ್ಲಿ ಇನ್ನೊಬ್ಬ ಇದ್ದಾನೆ. ಪಾಠಶಾಲೆಯ ಗೆಳೆಯ ವೆಚ್. ಗೆಡ್ ನಾಚಿಕೆಯಿಂದ ಕುಗ್ಗಿಹೋಗಿದ್ದಾಗ ತಾನಾಗಿ ಬಂದು ತನ್ನ ನಿಜದ ಹೆಸರು ಹೇಳಿದವನು. ನನಗೆ ಆ ಪುಸ್ತಕದಲ್ಲಿ ಅವನೇ ಹೆಚ್ಚು.

ಎರಡನೆಯದು, 1971ರದ್ದು, ಟೆನಾರ್ ಎಂಬ ಹುಡುಗಿಯದು. ಐದು ವರ್ಷದವಳನ್ನು ಮನೆಯಿಂದ ಎತ್ತಿಕೊಂಡು ಹೋಗಿ, ಹೆಸರನ್ನೂ ಕಿತ್ತುಕೊಂಡು ಗೋರಿಗಳ ಪೂಜಾರಿಣಿ ಮಾಡುತ್ತಾರೆ. ಬಿಡುಗಡೆಯಾದ ಮೇಲೂ ಅವಳು ಅಳುತ್ತಾಳೆ, ದಂಡವಾಗಿ ಹೋದ ವರ್ಷಗಳಿಗಾಗಿ. ನಿನ್ನ ಮಗಳಿಗೆ ಬಹುಶಃ ಇದೇ ಹಿಡಿಸೀತು.

1990ರಲ್ಲಿ ಬಂದ ನಾಲ್ಕನೆಯದನ್ನು ಮಾತ್ರ ನೀನು ಓದು. ಶಕ್ತಿಯೆಲ್ಲ ಬರಿದಾದ ನಡುವಯಸ್ಸಿನ ಗೆಡ್ ಊರಿಗೆ ಬಂದು, ಮತ್ತೆ ಬೆಟ್ಟ ಹತ್ತಿ ಆಡು ಕಾಯುತ್ತಾನೆ. ಅದೇ ದ್ವೀಪ, ಮಂತ್ರ ಮಾತ್ರ ಇಲ್ಲ. ನಲವತ್ತೇಳರಲ್ಲಿ ಓದಿದ್ದಕ್ಕೋ ಏನೋ, ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆಗ ನೆನಪಾಗಿದ್ದು ನಿನ್ನ ಎಡಗೈ ಮಾರಾಯ. ಸೆಕೆಂಡ್ ಪಿಯುಸಿಯಲ್ಲಿ, ಯಾರದೋ ಬೈಕು, ಹಿಂದೆ ನೀನು. ‘ತಿರುವಿನಲ್ಲಿ ಜಲ್ಲಿ ಬಿದ್ದಿತ್ತು’ ಅಂತ ನಿಮ್ಮಪ್ಪನಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ಮೂವತ್ತು ವರ್ಷ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದೆ. ನೀನೂ ಹೂಂ ಅಂದೆ. ಜಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕ್ಲಾಸಿನವರು ನೋಡುತ್ತಿದ್ದರು, ನಾನು ಕೈ ಬಿಟ್ಟು ಓಡಿಸಿದೆ.

ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತು.

ಪುಸ್ತಕ ನೀನು ಕೊಳ್ಳಬೇಡ. ಮುಂದಿನ ತಿಂಗಳು ಬರುವಾಗ ನಾನೇ ತರುತ್ತೇನೆ.

ನಿನ್ನವ