ರಿಪಬ್ಲಿಕನ್ ಪಕ್ಷದಲ್ಲಿ ಟಿಕೆಟ್ ಕೊಡುವವರು ಯಾರು?

ಮಾನ್ಯ ಸಂಪಾದಕರೇ,

ಅಮೆರಿಕದ ರಿಪಬ್ಲಿಕನ್ ಪಕ್ಷದಲ್ಲಿ ಮಧ್ಯಮಪಂಥೀಯರಿಗೆ ಇನ್ನೂ ಜಾಗ ಇದೆಯೇ ಎಂಬ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಟ್ರಂಪ್ ಅವರ ಸ್ವಭಾವದ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಈ ಬೆಳವಣಿಗೆ ಅವರಿಗಿಂತ ಹಳೆಯದು. 2010ರಲ್ಲಿ ಡೆಲವೇರ್‌ನ ಮೈಕ್ ಕ್ಯಾಸಲ್, 2012ರಲ್ಲಿ ಇಂಡಿಯಾನಾದಿಂದ ಆರು ಬಾರಿ ಸೆನೆಟರ್ ಆಗಿದ್ದ ರಿಚರ್ಡ್ ಲೂಗರ್ ಇಬ್ಬರೂ ಸೋತದ್ದು ಸ್ವಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಒಳಚುನಾವಣೆಯಲ್ಲಿ. ಅವರನ್ನು ಸೋಲಿಸಿದ ಕಟ್ಟಾ ಬಲಪಂಥೀಯರು ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ಡೆಮಾಕ್ರಟರೆದುರು ಮಣ್ಣುಮುಕ್ಕಿದರು. ಹಾಗಾಗಿ ನಾಯಕ ಯಾರು ಎನ್ನುವುದಕ್ಕಿಂತ ಟಿಕೆಟ್ ಯಾರ ಕೈಯಲ್ಲಿದೆ ಎಂದು ಕೇಳುವುದು ಹೆಚ್ಚು ಉಪಯುಕ್ತ.

ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೈಯಲ್ಲಿರುತ್ತದೆ. ವಿಪ್ ಉಲ್ಲಂಘಿಸಿದರೆ ಸಂವಿಧಾನದ ಹತ್ತನೇ ಷೆಡ್ಯೂಲಿನಡಿ ಸದಸ್ಯತ್ವವೇ ಹೋಗಬಹುದು. ಅಮೆರಿಕದಲ್ಲಿ ಈ ಎರಡೂ ಇಲ್ಲ. ಪಕ್ಷದ ವಿರುದ್ಧ ಮತ ಹಾಕಿದವರನ್ನು ಯಾರೂ ಸದನದಿಂದ ಹೊರಹಾಕಲಾರರು. ಶಿಕ್ಷೆ ಬರುವುದು ಮುಂದಿನ ಪ್ರೈಮರಿಯಲ್ಲಿ. ಬಹುತೇಕ ಕ್ಷೇತ್ರಗಳು ಯಾವುದೋ ಒಂದು ಪಕ್ಷದ ಭದ್ರಕೋಟೆಗಳಾಗಿರುವುದರಿಂದ ಅಲ್ಲಿ ಪ್ರೈಮರಿ ಗೆದ್ದವರೇ ಸದಸ್ಯರು. ಅಧ್ಯಕ್ಷೀಯ ಚುನಾವಣೆ ಇಲ್ಲದ ವರ್ಷಗಳಲ್ಲಿ ಪ್ರೈಮರಿಗೆ ಬಂದು ಮತ ಹಾಕುವವರು ಎರಡೂ ಪಕ್ಷ ಸೇರಿ ಅರ್ಹ ಮತದಾರರ ಸುಮಾರು ಐದನೇ ಒಂದು ಭಾಗ ಮಾತ್ರ. ಇವರಲ್ಲಿ ಹೆಚ್ಚಿನವರು ಪಕ್ಷದ ಉತ್ಕಟ ನಿಷ್ಠರು. ಜತೆಗೆ ಪ್ರೈಮರಿಯಲ್ಲಿ ಸೋತವರು ಅದೇ ಚುನಾವಣೆಗೆ ಪಕ್ಷೇತರರಾಗಿ ನಿಲ್ಲದಂತೆ ಹೆಚ್ಚಿನ ರಾಜ್ಯಗಳಲ್ಲಿ ಕಾನೂನಿನ ತಡೆ ಇದೆ. ಬಂಡಾಯ ಅಭ್ಯರ್ಥಿಯಾಗುವ ನಮ್ಮ ದಾರಿ ಅಲ್ಲಿ ಬಹುಮಟ್ಟಿಗೆ ಮುಚ್ಚಿದೆ.

2021ರ ಜನವರಿ 13ರಂದು ಟ್ರಂಪ್ ವಾಗ್ದಂಡನೆಯ ಪರ ಮತ ಹಾಕಿದ ಕೆಳಮನೆಯ ಹತ್ತು ರಿಪಬ್ಲಿಕನ್ನರ ಗತಿಯನ್ನೇ ನೋಡಿ. ನಾಲ್ವರು ಮರುಸ್ಪರ್ಧೆಯ ಆಸೆಯನ್ನೇ ಬಿಟ್ಟರು. ನಾಲ್ವರು 2022ರ ಪ್ರೈಮರಿಯಲ್ಲಿ ಸೋತರು. ಸೋತವರಲ್ಲಿ ಲಿಜ್ ಚೆನಿ ಯಾವ ಅಳತೆಗೋಲಿನಲ್ಲೂ ಮಧ್ಯಮಪಂಥೀಯರಲ್ಲ, ಅಪ್ಪಟ ಬಲಪಂಥೀಯರು. ತೆರಿಗೆ, ರಕ್ಷಣೆ, ಗರ್ಭಪಾತದ ನಿಲುವುಗಳಿಗಿಂತ ನಿಷ್ಠೆಯೇ ಪರೀಕ್ಷೆಯಾಗಿಬಿಟ್ಟಿತ್ತು ಎನ್ನಲು ಇಷ್ಟು ಸಾಕು.

ಉಳಿದುಕೊಂಡ ಇಬ್ಬರು ಕ್ಯಾಲಿಫೋರ್ನಿಯಾದ ಡೇವಿಡ್ ವಲಡಾವೊ ಮತ್ತು ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್. ಈ ಎರಡೂ ರಾಜ್ಯಗಳಲ್ಲಿ ಪಕ್ಷವಾರು ಪ್ರೈಮರಿ ಇಲ್ಲ. ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿರುತ್ತಾರೆ, ಎಲ್ಲರೂ ಮತ ಹಾಕುತ್ತಾರೆ, ಮೊದಲ ಇಬ್ಬರು ನವೆಂಬರ್ ಕಣಕ್ಕೆ ಹೋಗುತ್ತಾರೆ. ವಲಡಾವೊ ಕಾಲು ಭಾಗದಷ್ಟು ಮತದಿಂದಲೇ ಎರಡನೇ ಸ್ಥಾನ ಹಿಡಿದು ಕೊನೆಗೆ ಗೆದ್ದರು.

ಆದರೆ ಈ ಪದ್ಧತಿಯೂ ಎಲ್ಲರನ್ನೂ ಕಾಪಾಡುವುದಿಲ್ಲ. ಅದೇ ವಾಷಿಂಗ್ಟನ್ ರಾಜ್ಯದ ಮೂರನೇ ಕ್ಷೇತ್ರದಲ್ಲಿ ಆ ಹತ್ತು ಮಂದಿಯಲ್ಲೊಬ್ಬರಾದ ಜೇಮಿ ಹೆರೆರಾ ಬ್ಯೂಟ್ಲರ್ ಮೂರನೆಯವರಾದರು. ಎರಡನೇ ಸ್ಥಾನಕ್ಕೆ ಬಂದ, ಟ್ರಂಪ್ ಬೆಂಬಲಿತ ಜೋ ಕೆಂಟ್ ಅವರಿಗೂ ಇವರಿಗೂ ಇದ್ದ ಅಂತರ ಸುಮಾರು ಒಂದು ಸಾವಿರ ಮತ. ಇಬ್ಬರಿಗೂ ಸಿಕ್ಕಿದ್ದು ಶೇ 22ರಿಂದ 23ರ ನಡುವೆ. ರಿಪಬ್ಲಿಕನ್ ಮತಗಳು ಹಲವರಲ್ಲಿ ಹಂಚಿಹೋಗಿದ್ದವು, ಡೆಮಾಕ್ರಟ್ ಮತಗಳು ಒಬ್ಬರ ಬೆನ್ನಿಗೆ ನಿಂತಿದ್ದವು. ನವೆಂಬರ್‌ನಲ್ಲಿ ಕೆಂಟ್ ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಸೋತು ಆ ಕ್ಷೇತ್ರವೇ ಪಕ್ಷದ ಕೈತಪ್ಪಿತು. ಇಬ್ಬರ ಬದಲು ನಾಲ್ವರು ಮುಂದೆ ಹೋಗುವ ನಿಯಮವಿದ್ದಿದ್ದರೆ ಹೆರೆರಾ ಬ್ಯೂಟ್ಲರ್ ನವೆಂಬರ್ ಕಣದಲ್ಲಿ ಇರುತ್ತಿದ್ದರು.

ಅಲಾಸ್ಕಾದಲ್ಲಿ ಇರುವುದು ಅದೇ ನಿಯಮ. 2020ರಲ್ಲಿ ಮತದಾರರೇ ಜನಮತದ ಮೂಲಕ ತಂದ ವ್ಯವಸ್ಥೆಯಲ್ಲಿ ಮೊದಲ ನಾಲ್ವರು ಕಣಕ್ಕಿಳಿಯುತ್ತಾರೆ. ಮತದಾರರು 1, 2, 3 ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. 2010ರ ಪ್ರೈಮರಿಯಲ್ಲಿ ಸೋತು, ಮತಪತ್ರದ ಮೇಲೆ ಮತದಾರರೇ ಹೆಸರು ಬರೆಯುವ ಅವಕಾಶ ಬಳಸಿಕೊಂಡು ಗೆದ್ದಿದ್ದ ಅಲ್ಲಿನ ಸೆನೆಟರ್ ಲೀಸಾ ಮುರ್ಕೋವ್‌ಸ್ಕಿ, 2022ರಲ್ಲಿ ಈ ಹೊಸ ಪದ್ಧತಿಯಲ್ಲಿ ಮತ್ತೆ ಗೆದ್ದರು. ಡೆಮಾಕ್ರಟ್ ಅಭ್ಯರ್ಥಿ ಹೊರಬಿದ್ದಾಗ ಅವರ ಎರಡನೇ ಪ್ರಾಶಸ್ತ್ಯದ ಮತಗಳು ಇವರಿಗೆ ವರವಾದವು. ಈ ವ್ಯವಸ್ಥೆಯನ್ನು ರದ್ದುಮಾಡುವ ಪ್ರಸ್ತಾವ 2024ರಲ್ಲಿ ಬಿದ್ದುಹೋದದ್ದು ಕೆಲವೇ ನೂರು ಮತಗಳಿಂದ. ಲೂಸಿಯಾನಾ ಇದಕ್ಕೆ ತದ್ವಿರುದ್ಧ ದಿಕ್ಕಿಗೆ ಹೊರಳಿತು. ಅದೇ ವಾಗ್ದಂಡನೆಯ ವಿಚಾರಣೆಯಲ್ಲಿ ಟ್ರಂಪ್ ತಪ್ಪಿತಸ್ಥ ಎಂದು ಮತ ಹಾಕಿದ್ದ ಸೆನೆಟರ್ ಬಿಲ್ ಕ್ಯಾಸಿಡಿ ಅವರ ರಾಜ್ಯ ಅದು. 2026ರಿಂದ ಸೆನೆಟ್ ಸ್ಪರ್ಧೆಗೆ ಪಕ್ಷವಾರು ಪ್ರೈಮರಿ ಎಂದು 2024ರ ಆರಂಭದಲ್ಲೇ ಅಲ್ಲಿ ಕಾನೂನಾಯಿತು. ಇನ್ನೊಂದು ಪಕ್ಷಕ್ಕೆ ನೋಂದಾಯಿಸಿಕೊಂಡವರು ಅವರ ನೆರವಿಗೆ ಬರುವಂತಿಲ್ಲ.

ಎದುರು ಪಕ್ಷದವರ ಕೈವಾಡವನ್ನೂ ಹೇಳದೆ ಇರಲಾಗದು. 2022ರಲ್ಲಿ, ವಾಗ್ದಂಡನೆಯ ಪರ ಮತ ಹಾಕಿದ್ದ ಹತ್ತು ಮಂದಿಯಲ್ಲೊಬ್ಬರಾದ ಮಿಷಿಗನ್‌ನ ಪೀಟರ್ ಮೈಯರ್ ವಿರುದ್ಧ ನಿಂತಿದ್ದ ಕಟ್ಟಾ ಟ್ರಂಪ್‌ವಾದಿಗೆ ಪ್ರಚಾರ ಕೊಡಲು ಡೆಮಾಕ್ರಟರ ಪ್ರಚಾರ ಸಮಿತಿಯೇ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಸುಲಭದ ಎದುರಾಳಿ ಸಿಗಲಿ ಎಂಬುದು ಲೆಕ್ಕಾಚಾರ. ಮೈಯರ್ ಸೋತರು, ಸೀಟು ಡೆಮಾಕ್ರಟರಿಗೆ ಹೋಯಿತು. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ಸಾರುತ್ತಲೇ ಇದನ್ನು ಮಾಡಿದ್ದು ನನ್ನ ಮಟ್ಟಿಗೆ ಅಕ್ಷಮ್ಯ.

ಗೆದ್ದು ಸದನದಲ್ಲಿ ಕುಳಿತ ಮಧ್ಯಮಪಂಥೀಯರ ಮಾತು ಬೇರೆ. ಅಲ್ಲಿ ಅವರಿಗೆ ನಿಜವಾದ ಬಲ ಇದೆ, ಆದರೆ ಬಳಸುವುದು ಅಪರೂಪ. 2023ರ ಅಕ್ಟೋಬರ್ 3ರಂದು ಬಹುತೇಕ ಕಟ್ಟಾ ಬಲಪಂಥೀಯರೇ ಆಗಿದ್ದ ಕೇವಲ ಎಂಟು ರಿಪಬ್ಲಿಕನ್ನರು ಡೆಮಾಕ್ರಟರ ಜತೆ ಸೇರಿ ಸ್ಪೀಕರ್ ಕೆವಿನ್ ಮೆಕಾರ್ಥಿ ಅವರನ್ನು 216–210 ಮತಗಳಿಂದ ಇಳಿಸಿದರು. ಮಧ್ಯಮಪಂಥೀಯರು ಅಷ್ಟೇ ಸಂಖ್ಯೆಯಲ್ಲಿದ್ದೂ ಪತ್ರಿಕಾ ಹೇಳಿಕೆಯಲ್ಲಿ ಅಸಮಾಧಾನ ತೋಡಿಕೊಂಡು ಕೊನೆಗೆ ಪಕ್ಷದ ಪರವೇ ಬಟನ್ ಒತ್ತುತ್ತಾರೆ. ಅದೇ ತಿಂಗಳು ಕಟ್ಟಾ ಬಲಪಂಥೀಯ ಜಿಮ್ ಜೋರ್ಡನ್ ಸ್ಪೀಕರ್ ಆಗದಂತೆ ಮೂರು ಸುತ್ತಿನಲ್ಲಿ 20, 22, 25 ಮಂದಿ ಅಡ್ಡ ನಿಂತದ್ದು ಅಪವಾದ. ಅಡ್ಡ ನಿಂತವರಲ್ಲಿ ಕೆಲವರಿಗೆ ಜೀವಬೆದರಿಕೆಯೂ ಬಂತು.

ಅವರ ಕೈಯಲ್ಲಿರುವ ಇನ್ನೊಂದು ಅಸ್ತ್ರ ಸ್ಪೀಕರ್ ತಡೆಹಿಡಿದ ಮಸೂದೆಯನ್ನು ಸದನಕ್ಕೆ ತರಿಸುವ ಸಹಿ ಅರ್ಜಿ. ಮಸೂದೆ ಸಮಿತಿಯಲ್ಲಿ ಕಲಾಪದ 30 ದಿನ ಕೊಳೆತಿರಬೇಕು, 218 ಸದಸ್ಯರು ಬಹಿರಂಗವಾಗಿ ಸಹಿ ಹಾಕಬೇಕು, ಆಮೇಲೆ ಕಲಾಪದ ಇನ್ನೂ ಏಳು ದಿನ ಕಾಯಬೇಕು. ರಜೆಯ ದಿನಗಳು ಲೆಕ್ಕಕ್ಕಿಲ್ಲ. 2025ರ ಡಿಸೆಂಬರ್‌ನಲ್ಲಿ ಆರೋಗ್ಯ ವಿಮೆ ಸಬ್ಸಿಡಿ ಮುಂದುವರಿಸಲು ಡೆಮಾಕ್ರಟರ ಅರ್ಜಿಗೆ ನಾಲ್ವರು ರಿಪಬ್ಲಿಕನ್ನರು ಸಹಿ ಹಾಕಿ 218 ತಲುಪಿಸಿದರು. ಆದರೆ ಸಬ್ಸಿಡಿಯ ಗಡುವು ಡಿಸೆಂಬರ್ 31. ಮತದಾನ ನಡೆದದ್ದು ಜನವರಿಯಲ್ಲಿ. ಮಸೂದೆ ಕೆಳಮನೆ ದಾಟಿತು, 17 ರಿಪಬ್ಲಿಕನ್ನರು ಪರವಾಗಿದ್ದರು, ಅಷ್ಟರಲ್ಲಿ ಸಬ್ಸಿಡಿ ನಿಂತುಹೋಗಿತ್ತು. ಅದೇ ನಾಲ್ಕು ಸಹಿ ಕೆಲವು ವಾರ ಮೊದಲೇ ಬಿದ್ದಿದ್ದರೆ ಗಡುವಿನೊಳಗೆ ಮತಕ್ಕೆ ಹಾಕಿಸಲು ಸಮಯ ಇರುತ್ತಿತ್ತು.

ಅಮೆರಿಕದ ಚುನಾವಣೆ ವರದಿ ಮಾಡುವಾಗ ನವೆಂಬರ್ ಫಲಿತಾಂಶದ ಜತೆಗೆ ಆಯಾ ರಾಜ್ಯದ ಪ್ರೈಮರಿ ಯಾವಾಗ, ಅಲ್ಲಿ ಯಾರು ಮತ ಹಾಕಬಹುದು, ಎಷ್ಟು ಮಂದಿ ಹಾಕಿದರು ಎಂಬುದನ್ನೂ ದಯವಿಟ್ಟು ಪ್ರಕಟಿಸಿ.