ಕೈಬಿಟ್ಟ ತಂತ್ರಾಂಶಕ್ಕೂ ವಾರಸುದಾರರು ಬೇಕು

ಮಾನ್ಯ ಸಂಪಾದಕರೇ,

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಗದಗಿನ ಮುದ್ರಣಾಲಯಗಳಿಂದ ಹಿಡಿದು ಧಾರವಾಡದ ಸಂಘ-ಸಂಸ್ಥೆಗಳವರೆಗೆ ಇನ್ನೂ ರಾಶಿ ಬಿದ್ದಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳಾಗಿ ಕಾಣುತ್ತವೆ. ಹುಡುಕಲೂ ಬಾರದು, ಅಕಾರಾದಿಯಾಗಿ ಜೋಡಿಸಲೂ ಬಾರದು. ಇವನ್ನು ಯೂನಿಕೋಡಿಗೆ ತರುವುದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಹಳೆಯ ಫಾಂಟು ಅಕ್ಷರದ ತುಣುಕುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಟ್ಟರೆ, ಯೂನಿಕೋಡ್ ಅವನ್ನು ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ; ‘ಧರ್ಮ’ ಎಂಬ ಪದದ ಅರ್ಕಾವೊತ್ತು ಹಳೆಯ ಕಡತದಲ್ಲಿ ಮಕಾರದ ನಂತರ ಕುಳಿತಿರುತ್ತದೆ, ಪರಿವರ್ತಿಸುವಾಗ ಅದನ್ನು ಎತ್ತಿ ಮಕಾರಕ್ಕಿಂತ ಮೊದಲು ತರಬೇಕಾಗುತ್ತದೆ. ಇಷ್ಟನ್ನೆಲ್ಲ ತಿಳಿದು ಕೆಲವು ಉತ್ಸಾಹಿಗಳು ಪರಿವರ್ತಕಗಳನ್ನು ಬರೆದು ಉಚಿತವಾಗಿ ಹಂಚಿದರು. ಆಮೇಲೆ ಬರೆದವರಿಗೆ ನೌಕರಿ ಸಿಕ್ಕಿತು, ಊರು ಬದಲಾಯಿತು, ಪರಿವರ್ತಕ ಇದ್ದಲ್ಲಿಯೇ ನಿಂತಿತು. ಹಾಗೆ ನಿಂತದ್ದನ್ನು ಸತ್ತಿತೆಂದು ತಿಳಿದು ಹೊಸದನ್ನು ಕೊಳ್ಳಲು ದರಪಟ್ಟಿ ಕರೆಯುವ ನಮ್ಮ ಕಚೇರಿಗಳ ಅಭ್ಯಾಸದ ಬಗ್ಗೆ ನನಗೆ ತಕರಾರಿದೆ.

ಓಪನ್ ಸೋರ್ಸ್ ತಂತ್ರಾಂಶವನ್ನು ಬರೆದವರು ಬಿಟ್ಟುಹೋದರೂ ಅದರ ಸೋರ್ಸ್ ಕೋಡನ್ನು, ಎಂದರೆ ಬರೆದವರ ಮೂಲ ಸಾಲುಗಳನ್ನು, ಇತರರು ನಕಲು ಮಾಡಿಕೊಂಡು, ತಿದ್ದಿ, ಬೇರೆ ಹೆಸರಿನಲ್ಲಿ ಮುಂದುವರಿಸಬಹುದು. ಹೀಗೆ ಹುಟ್ಟುವ ಕವಲಿಗೆ ಫೋರ್ಕ್ ಎನ್ನುತ್ತಾರೆ. ಪತ್ರ, ಲೆಕ್ಕಪಟ್ಟಿ ಬರೆಯಲು ಅನೇಕರು ದಿನವೂ ಬಳಸುವ ಲಿಬ್ರೆಆಫೀಸ್ ಇಂಥದೇ ಕವಲು. ಅದರ ಮೂಲ ತಂತ್ರಾಂಶವನ್ನು ನಡೆಸುತ್ತಿದ್ದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕಂಪನಿ ಕೊಂಡ ಮೇಲೆ ಓಪನ್ಆಫೀಸ್‌ನ ಭವಿಷ್ಯದ ಬಗ್ಗೆ ಆತಂಕಗೊಂಡ ಸ್ವಯಂಸೇವಕರು ಅದೇ ವರ್ಷದ ಸೆಪ್ಟೆಂಬರ್ 28ರಂದು ಪ್ರತ್ಯೇಕವಾಗಿ ನಿಂತರು. ಮರುವರ್ಷ ಒರಾಕಲ್ ಮೂಲ ತಂತ್ರಾಂಶವನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತಾದರೂ ಅಷ್ಟರಲ್ಲಿ ಕೆಲಸ ಬಲ್ಲವರಲ್ಲಿ ಬಹುಪಾಲು ಜನ ಹೊಸ ಕಡೆಗೆ ಬಂದಿದ್ದರು. ಹಳೆಯ ಹೆಸರು ಒಂದು ಕಡೆ, ಕೆಲಸ ಇನ್ನೊಂದು ಕಡೆ ಎಂಬ ಸ್ಥಿತಿ ಇಂದಿಗೂ ಇದೆ. ಹಳೆಯ ಹೆಸರನ್ನೇ ಹುಡುಕಿ ಅದನ್ನೇ ಹಾಕಿಕೊಳ್ಳುವವರನ್ನು ನಾನು ಈಗಲೂ ಕಾಣುತ್ತೇನೆ.

ಗ್ರಂಥಪಾಲಕನಾದ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶವಾದ ಕೋಹಾ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯ ಟ್ರಸ್ಟು ತನ್ನ ಹಳೆಯ ವ್ಯವಸ್ಥೆ 2000ನೇ ಇಸವಿಯ ದಿನಾಂಕವನ್ನು ನಿಭಾಯಿಸಲಾರದೆಂದು ತಿಳಿದು 1999ರಲ್ಲಿ ಹೊಸದನ್ನು ಬರೆಸಿತು. 2000ದ ಜನವರಿಯಲ್ಲಿ ಬಳಕೆಗೆ ತಂದು, ಯಾವ ಗ್ರಂಥಾಲಯವಾದರೂ ಬಳಸಿ ತಿದ್ದಿಕೊಳ್ಳಲೆಂದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನಡಿ (ಬಳಕೆಯ ಪರವಾನಗಿ) ಹೊರಬಿಟ್ಟಿತು. ಮುಂದಿನ ವರ್ಷಗಳಲ್ಲಿ ಅದರ ಜಾಲತಾಣದ ವಿಳಾಸ ಲಿಬ್‌ಲೈಮ್ ಎಂಬ ಅಮೆರಿಕದ ಕಂಪನಿಯ ಕೈಯಲ್ಲಿತ್ತು. 2010ರಲ್ಲಿ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು, ವಿಳಾಸವೂ ಅದರೊಂದಿಗೆ ಹೋಯಿತು. ಆಗ ಜಗತ್ತಿನ ಬೇರೆ ಬೇರೆ ಕಡೆಯ ಗ್ರಂಥಪಾಲಕರು ಮತ್ತು ತಂತ್ರಜ್ಞರು ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಕೋಡು ಎಲ್ಲರ ಬಳಿ ಇತ್ತು, ಲೈಸೆನ್ಸು ಎಲ್ಲರಿಗೂ ಹಕ್ಕು ಕೊಟ್ಟಿತ್ತು, ಆದ್ದರಿಂದ ಬೇರೆ ವಿಳಾಸದಲ್ಲಿ ಮನೆ ಹೂಡಿ, ಸಮುದಾಯದ ಆಸ್ತಿಯನ್ನು ಅದೇ ಹೊರೊವೆನುವಾ ಟ್ರಸ್ಟಿನ ವಶಕ್ಕೆ ಒಪ್ಪಿಸಿ ಕೆಲಸ ಮುಂದುವರಿಸಿದರು. ನ್ಯೂಜಿಲೆಂಡಿನಲ್ಲಿ ಆ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಕಂಪನಿ ಸಲ್ಲಿಸಿದ ಅರ್ಜಿಯನ್ನು ಟ್ರಸ್ಟು ವಿರೋಧಿಸಿತು, 2013ರಲ್ಲಿ ಅದು ತಿರಸ್ಕೃತವಾಯಿತು. ಈ ಗದ್ದಲದ ನಡುವೆಯೇ, 2011ರಲ್ಲಿ, ಕೋಹಾ ಸಮುದಾಯದ ಅಂತರರಾಷ್ಟ್ರೀಯ ಸಮ್ಮೇಳನ ನಮ್ಮ ನೆರೆಯ ಮಹಾರಾಷ್ಟ್ರದ ಠಾಣೆಯಲ್ಲಿ ನಡೆಯಿತು. ಇಂದಿಗೂ ವರ್ಷಕ್ಕೆರಡು ಬಾರಿ ಅದರ ಹೊಸ ಆವೃತ್ತಿ ಬರುತ್ತದೆ.

ಇದೆಲ್ಲ ಸಾಧ್ಯವಾದದ್ದು ಲೈಸೆನ್ಸಿನಿಂದ. ನಮ್ಮಲ್ಲಿ ಉಚಿತವಾಗಿ ಸಿಕ್ಕದ್ದೆಲ್ಲ ಓಪನ್ ಸೋರ್ಸ್ ಎಂಬ ತಪ್ಪು ತಿಳಿವಳಿಕೆ ಇದೆ. ನಮ್ಮ ಗ್ರಂಥಾಲಯದಲ್ಲಿ ಬಳಸುತ್ತಿದ್ದ ಒಂದು ಪರಿವರ್ತಕದ ಕೋಡು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತಿತ್ತು, ಅದನ್ನು ಸರಿಪಡಿಸಿ ಕೊಡಲು ಹುಬ್ಬಳ್ಳಿಯ ತರುಣರೊಬ್ಬರು ಸಿದ್ಧರೂ ಇದ್ದರು; ಆದರೆ ಅದರ ಜೊತೆ ಯಾವ ಲೈಸೆನ್ಸೂ ಇರಲಿಲ್ಲ, ಬರೆದವರಿಗೆ ಕಳಿಸಿದ ಮಿಂಚಂಚೆಗಳಿಗೆ ಉತ್ತರವೂ ಬರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ, ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಎಂದರೆ, ಲೈಸೆನ್ಸಿನ ನಾಲ್ಕು ಸಾಲು ಸೇರಿಸಲು ಯಾರೋ ಮರೆತದ್ದರಿಂದ ಆ ಕೋಡನ್ನು ನಮ್ಮ ಮೊಮ್ಮಕ್ಕಳ ಕಾಲದವರೆಗೂ ಯಾರೂ ನ್ಯಾಯವಾಗಿ ಮುಟ್ಟುವಂತಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ಟೆಸರಾಕ್ಟ್. ಎಚ್‌ಪಿ ಕಂಪನಿ 1980ರ ದಶಕದಲ್ಲಿ ಆರಂಭಿಸಿ ತೊಂಬತ್ತರ ದಶಕದ ನಡುವೆ ಕೈಬಿಟ್ಟ ಈ ಅಕ್ಷರ ಗುರುತಿಸುವ ತಂತ್ರಾಂಶ ಸುಮಾರು ಹತ್ತು ವರ್ಷ ಮೂಲೆಯಲ್ಲಿತ್ತು. 2005ರಲ್ಲಿ ಅದನ್ನು ಓಪನ್ ಸೋರ್ಸ್ ಮಾಡಿದ್ದರಿಂದ ಇತರರ ಕೈ ಸೇರಿ ಬೆಳೆಯಿತು, ಸ್ಕ್ಯಾನ್ ಮಾಡಿದ ಪುಟದ ಕನ್ನಡವನ್ನೂ ಈಗ ಓದುತ್ತದೆ. ಸಾರ್ವಜನಿಕ ಹಣದಲ್ಲಿ ಕನ್ನಡಕ್ಕಾಗಿ ತಂತ್ರಾಂಶ ಬರೆಸುವ ಇಲಾಖೆಗಳು ಗುತ್ತಿಗೆಯ ಕರಾರಿನಲ್ಲಿಯೇ ಸೋರ್ಸ್ ಕೋಡು ಮತ್ತು ಮುಕ್ತ ಲೈಸೆನ್ಸು ಎರಡನ್ನೂ ಕೇಳಿ ಪಡೆಯಬೇಕು.

ಹಕ್ಕು ಇದ್ದ ಮಾತ್ರಕ್ಕೆ ಕೆಲಸವಾಗುವುದಿಲ್ಲ ಎಂಬುದೂ ನಿಜ. ಗುಂಡಿಯೊಂದನ್ನು ಒತ್ತಿದರೆ ಕವಲು ಹುಟ್ಟುತ್ತದೆ, ಅದರ ಆರೈಕೆಗೆ ಮಾತ್ರ ಜನ ಬೇಕು. ಎಕ್ಸ್‌ಝಡ್ ಎಂಬ, ಲಿನಕ್ಸ್ ಕಂಪ್ಯೂಟರುಗಳಲ್ಲೆಲ್ಲ ಬಳಕೆಯಲ್ಲಿರುವ ಕಡತ ಕುಗ್ಗಿಸುವ ತಂತ್ರಾಂಶವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದಾಗ ನೆರವಿಗೆಂದು ಬಂದ ಅಪರಿಚಿತ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕನಂತೆ ದುಡಿದು, ಅಧಿಕಾರ ಪಡೆದು, 2024ರಲ್ಲಿ ಅದರೊಳಗೆ ಕಳ್ಳದಾರಿಯನ್ನು ಸೇರಿಸಿದ್ದು ಬಯಲಾಯಿತು. ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅನುಮಾನಪಟ್ಟು ಹುಡುಕದೇ ಹೋಗಿದ್ದರೆ ಅದು ಎಲ್ಲೆಡೆ ಹರಡುತ್ತಿತ್ತು. ಒಬ್ಬರ ಹೆಗಲ ಮೇಲೇ ಎಲ್ಲವನ್ನೂ ಹೊರಿಸಿ ಬಳಸುವವರೆಲ್ಲ ಸುಮ್ಮನಿದ್ದರೆ ಹೀಗಾಗುತ್ತದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘದಿಂದ ಕಲಿಯುವುದು ಇಲ್ಲಿದೆ. ಸಂಸ್ಥಾಪಕರ ನಂತರವೂ ಇಂಥ ಸಂಘಗಳು ನಿಲ್ಲುವುದು ಸದಸ್ಯರು, ಆಡಳಿತ ಮಂಡಳಿ, ನಡಾವಳಿ ಪುಸ್ತಕ, ಲೆಕ್ಕ ತಪಾಸಣೆ ಇರುವುದರಿಂದ. ತಂತ್ರಾಂಶದ ಕವಲಿಗೂ ಕನಿಷ್ಠ ಇಬ್ಬರು ಮೂವರು ಹೊಣೆಗಾರರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸುವ ಕ್ರಮ, ಏನು ಏಕೆ ಬದಲಾಯಿತು ಎಂಬ ದಾಖಲೆ ಬೇಕು. ಮೂಲ ಲೇಖಕರು ಸಿಗುವಂತಿದ್ದರೆ ಮೊದಲು ಅವರನ್ನೇ ಕೇಳಿ ಅಲ್ಲಿಯೇ ಕೈಜೋಡಿಸುವುದು ಸೌಜನ್ಯ ಮಾತ್ರವಲ್ಲ, ಬಳಸುವವರನ್ನು ಎರಡು ಪಾಲು ಮಾಡದಿರುವ ದಾರಿಯೂ ಹೌದು.

ಈ ಜನ ಎಲ್ಲಿಂದ ಬರಬೇಕು? ಧಾರವಾಡದಲ್ಲಿ ಐಐಟಿ, ಐಐಐಟಿಗಳಿವೆ, ಹುಬ್ಬಳ್ಳಿ ಮತ್ತು ಗದಗಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಹೊಸದೇನನ್ನಾದರೂ ಮಾಡಿ ತೋರಿಸಬೇಕೆಂಬ ಒತ್ತಾಯ ಎಷ್ಟಿದೆಯೆಂದರೆ, ಈಗಾಗಲೇ ಇರುವ, ಜನ ಬಳಸುತ್ತಿರುವ ತಂತ್ರಾಂಶದ ಹತ್ತು ದೋಷಗಳನ್ನು ತಿದ್ದಿದ ವಿದ್ಯಾರ್ಥಿಗೆ ಅಂಕ ಕೊಡಲು ಮಾರ್ಗದರ್ಶಕರು ಹಿಂಜರಿಯುತ್ತಾರೆ. ಪ್ರದರ್ಶನದ ದಿನ ಮಿಂಚುವ ಆ ಹೊಸ ಆ್ಯಪುಗಳಲ್ಲಿ ಹೆಚ್ಚಿನವು ಫಲಿತಾಂಶ ಬಂದ ವಾರವೇ ಅನಾಥವಾಗುತ್ತವೆ, ಹೀಗೆ ಕೈಬಿಟ್ಟ ತಂತ್ರಾಂಶಗಳ ರಾಶಿಗೆ ನಾವೇ ಪ್ರತಿವರ್ಷ ಸೇರಿಸುತ್ತಿದ್ದೇವೆ. ಬೇರೆಯವರು ಬರೆದ ಕೋಡನ್ನು ಓದಿ, ಅರ್ಥಮಾಡಿಕೊಂಡು, ಬಳಸುವವರ ದೂರು ಆಲಿಸಿ ತಿದ್ದುವ ಕೆಲಸವನ್ನೂ ಪ್ರಾಜೆಕ್ಟ್ ಎಂದು ವಿಶ್ವವಿದ್ಯಾಲಯಗಳು ಒಪ್ಪಬೇಕು, ಕಿರಿಯ ತಂಡಕ್ಕೆ ಹೊಣೆ ಹಸ್ತಾಂತರಿಸಿದ ದಾಖಲೆಗೂ ಅಂಕ ಇಡಬೇಕು. ಸರಿಯಾದ ಲೈಸೆನ್ಸಿರುವ, ಆದರೆ ನಿಂತುಹೋಗಿರುವ ಕನ್ನಡದ ಪರಿವರ್ತಕವೊಂದನ್ನು ಎತ್ತಿಕೊಳ್ಳಲು ಯಾವ ಕಾಲೇಜಾದರೂ ಮುಂದೆ ಬಂದರೆ, ನಮ್ಮ ಹಳೆಯ ಪುಸ್ತಕ ಪಟ್ಟಿಯನ್ನೂ, ಪರಿವರ್ತನೆಯಲ್ಲಿ ಕೆಟ್ಟ ಅರ್ಕಾವೊತ್ತು, ಒತ್ತಕ್ಷರಗಳ ಪದಗಳನ್ನು ನಾವು ಗುರುತು ಹಾಕಿಟ್ಟ ಹಾಳೆಗಳನ್ನೂ ಪರೀಕ್ಷೆಗೆಂದು ಒದಗಿಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಾಲೇಜು ಗ್ರಂಥಪಾಲಕ, ಗದಗ-ಬೆಟಗೇರಿ